ಹೀರೋ ಹೇಳಿದರೆ ರೋಗ ಓಡುತ್ತದೆಯೇ?

ತೆರೆಯ ಮೇಲೆ ನಮ್ಮ ಹೀರೋ ಒಂದು ಗುದ್ದು ಕೊಟ್ಟರೆ ಹತ್ತು ಮಂದಿ ರೌಡಿಗಳು ನೆಲ ಕಚ್ಚುತ್ತಾರೆ. ಗಾಂಧಿ ಕ್ಲಾಸಿನಿಂದ ಶಿಳ್ಳೆಯೋ ಶಿಳ್ಳೆ! ಹಾಕಲಿ ಬಿಡಿ, ಅದು ಅಭಿಮಾನ. ಆದರೆ ಅದೇ ಹೀರೋ ರೋಗದ ಬಗ್ಗೆ ಮಾತಾಡಿದಾಗಲೂ ಶಿಳ್ಳೆ ಹಾಕಿ ನಂಬಿಬಿಡೋದೇ?

2020ರ ಮಾರ್ಚ್ ನೆನಪಿದೆಯಲ್ಲ? ಕೊರೋನಾ ಕಾಲಿಟ್ಟಿತ್ತು. 22ಕ್ಕೆ ಜನತಾ ಕರ್ಫ್ಯೂ. ಹಿಂದಿನ ದಿನ ರಜನೀಕಾಂತ್ (ಒಂದು ಕಾಲದ ನಮ್ಮ ಬೆಂಗಳೂರಿನ ಬಸ್ ಕಂಡಕ್ಟರ್!) ಟ್ವಿಟರ್‌ನಲ್ಲಿ ಒಂದು ವಿಡಿಯೋ ಬಿಟ್ಟರು. ಜನ 12-14 ಗಂಟೆ ಮನೆಯಲ್ಲೇ ಇದ್ದರೆ ರೋಗ ಮೂರನೇ ಹಂತಕ್ಕೆ ಹೋಗದಂತೆ ತಡೆಯಬಹುದು ಅಂದರು. ಉದ್ದೇಶ ಒಳ್ಳೆಯದೇ, ಲೆಕ್ಕ ಮಾತ್ರ ತಪ್ಪು. ಸೋಂಕು ತಗುಲಿದವನ ಮೈಯಲ್ಲಿ ವೈರಸ್ ದಿನಗಟ್ಟಲೆ ಇರುತ್ತದೆ. ಟ್ವಿಟರ್ ಆ ವಿಡಿಯೋ ತೆಗೆದುಹಾಕಿತು.

ಅಮಿತಾಭ್ ಬಚ್ಚನ್? ಚಪ್ಪಾಳೆ, ಶಂಖದ ಕಂಪನಕ್ಕೆ ವೈರಸ್ಸಿನ ಶಕ್ತಿ ಕುಗ್ಗುತ್ತದೆಂಬ ಅಭಿಪ್ರಾಯವನ್ನು ಹಂಚಿಕೊಂಡರು, ಟೀಕೆ ಬಂದಮೇಲೆ ಅಳಿಸಿದರು. ಅದೇ ಜುಲೈನಲ್ಲಿ ಅವರೇ ಕೊರೋನಾದಿಂದ ಆಸ್ಪತ್ರೆ ಸೇರಬೇಕಾಯಿತು. ವೈರಸ್ಸಿಗೆ ಬಿಗ್ ಬಿ ಯಾರು, ಬಡಪಾಯಿ ಯಾರು!

ಗಾಳಿಮಾತು ಜೀವವನ್ನೇ ತೆಗೆಯುತ್ತದೆ ಗುರೂ! ಮದ್ಯ ಕುಡಿದರೆ ಕೊರೋನಾ ಹೋಗುತ್ತದೆಂದು ನಂಬಿದ ಇರಾನಿನಲ್ಲಿ, ವಿಷದ ಮೆಥನಾಲ್ ಕುಡಿದು ನೂರಾರು ಮಂದಿ ಸತ್ತರು.

ಇದನ್ನು ಸಿನಿಮಾದವರೇ ಮೊದಲೇ ತೋರಿಸಿದ್ದರು ಅಂದರೆ ನಂಬುತ್ತೀರಾ? 2011ರ ಹಾಲಿವುಡ್ ಚಿತ್ರ ‘ಕಂಟೇಜಿಯನ್’ ನೋಡಿ. ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್. ಊರೂರಿಗೆ ರೋಗ ಹಬ್ಬುವಾಗ ಜೂಡ್ ಲಾ ಪಾತ್ರ ಒಂದು ಗಿಡದ ಔಷಧಿಯಿಂದ ತನಗೆ ವಾಸಿಯಾಯಿತೆಂದು ಇಂಟರ್‌ನೆಟ್ಟಿನಲ್ಲಿ ಸಾರುತ್ತದೆ. ಜನ ಔಷಧಿ ಅಂಗಡಿಗೆ ಮುಗಿಬೀಳುತ್ತಾರೆ. ಕೊನೆಗೆ ಗೊತ್ತಾಗೋದೇನು? ಅವನಿಗೆ ರೋಗವೇ ಬಂದಿರಲಿಲ್ಲ! ದುಡ್ಡು ಮಾತ್ರ ಭರ್ಜರಿಯಾಗಿ ಬಂದಿತ್ತು.

ಅದೇ ಚಿತ್ರದಲ್ಲಿ ಮ್ಯಾಟ್ ಡೇಮನ್ ಪಾತ್ರಕ್ಕೆ ರೋಗ ತಗಲುವುದೇ ಇಲ್ಲ. 2020ರಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾನಿಲಯದ ತಜ್ಞರ ಜೊತೆ ಸೇರಿ ಮಾಡಿದ ವಿಡಿಯೋದಲ್ಲಿ ಹೇಳಿದ್ದೇನು ಗೊತ್ತೇ? ಅದು ಸಿನಿಮಾ, ಇದು ನಿಜಜೀವನ, ನನಗೂ ರೋಗ ಬರಬಹುದು, ದೂರ ದೂರ ನಿಲ್ಲಿ ಅಂತ. ಅದಪ್ಪಾ ನಿಜವಾದ ಹೀರೋ ಮಾತು!

ಆದ್ದರಿಂದ ಅಭಿಮಾನಿ ಮಿತ್ರರೇ, ವಾಟ್ಸಾಪಿನಲ್ಲಿ ಮದ್ದಿನ ಮಾತು ಬಂದರೆ ಮೂರು ಪ್ರಶ್ನೆ ಕೇಳಿ. ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಇದರಿಂದ ಯಾರ ಜೇಬು ತುಂಬುತ್ತದೆ? ಉತ್ತರ ಸಿಗದಿದ್ದರೆ ಮುಂದೆ ಕಳಿಸಬೇಡಿ. ನಿಮ್ಮ ಮೆಚ್ಚಿನ ತಾರೆಯ ಫೋಟೋ ಅದರ ಮೇಲಿದ್ದರೂ ಸರಿಯೇ. ಡೈಲಾಗಿಗೆ ಹೀರೋ, ಡೋಸಿಗೆ ಡಾಕ್ಟರು. ಏನಂತೀರಿ?