ರೌಟರು ಬದಲಾದಾಗ ಮೂಕವಾಗುವ ಟೆಲಿಫೋನು

ಮನೆಯ ಟೆಲಿಫೋನು ಮೌನವನ್ನು ತಾಳಿದರೆ ಮನೆಯೇ ಕಿವುಡಾದಂತಾಗುವುದು. ನಮ್ಮ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, 1963ರಲ್ಲಿ ಸ್ಥಾಪಿತವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯೆಯನ್ನು ಸಂಪಾದಿಸಿದ ಎಷ್ಟೋ ತರುಣರು ದೂರದೇಶಗಳಿಗೆ ತೆರಳಿರುವರು. ಮನೆಯಲ್ಲುಳಿದ ವೃದ್ಧ ತಾಯಿತಂದೆಗಳಿಗೆ ಮೇಜಿನ ಮೇಲಿನ ಟೆಲಿಫೋನೇ ಮಕ್ಕಳ ಧ್ವನಿ. ಅಪರಾತ್ರಿಯಲ್ಲಿ ವೈದ್ಯರನ್ನು ಕರೆಯುವ ಸಾಧನವೂ ಅದೇ. ಹೊಸ ರೌಟರನ್ನು ತಂದು ಕೂಡಿಸಿದ ದಿನವೇ ಅದು ಮೂಕವಾಗುವುದು ಅನೇಕ ಗೃಹಸ್ಥರ ಅನುಭವ. ಆದುದರಿಂದ ಅದರ ಕಾರಣಗಳನ್ನೂ ಪರಿಹಾರಗಳನ್ನೂ ವಾಚಕರ ಮುಂದಿಡಲು ಬಯಸುವೆವು.

ಹಳೆಯ ಟೆಲಿಫೋನಿಗೆ ತಾಮ್ರದ ತಂತಿಯ ಮೂಲಕ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟಿನ ವಿದ್ಯುತ್ತು ಬರುತ್ತಿತ್ತು. ಇಂಟರ್ನೆಟ್ ಟೆಲಿಫೋನಿನ ರೀತಿಯೇ ಬೇರೆ. ಅಡಾಪ್ಟರೆಂಬ ಸಣ್ಣ ಪೆಟ್ಟಿಗೆಯು ನಮ್ಮ ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 8,000 ಸಲ ಅಳೆದು, ಅಂಕಿಗಳನ್ನಾಗಿ ಮಾಡಿ, ಚಿಕ್ಕ ಚಿಕ್ಕ ಕಟ್ಟುಗಳಾಗಿ ರೌಟರಿಗೆ ಒಪ್ಪಿಸುವುದು. ರೌಟರು ಮನೆಯ ದ್ವಾರಪಾಲಕ. ದ್ವಾರಪಾಲಕನು ಬದಲಾದರೆ ಹಳೆಯ ಪರಿಚಯವೆಲ್ಲ ಅಳಿದುಹೋಗುವುದು ಸಹಜವೇ ಸರಿ.

ದೋಷಪರೀಕ್ಷೆಗೆ ನಮ್ಮ ತರ್ಕಶಾಸ್ತ್ರದ ಅನ್ವಯ-ವ್ಯತಿರೇಕ ಕ್ರಮವೇ ಉತ್ತಮವಾದುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡತಕ್ಕದ್ದು. ಮೊದಲು ಎಲ್ಲವನ್ನೂ ಆರಿಸಿ, ಫೈಬರಿನ ಮೋಡೆಮು, ಆಮೇಲೆ ರೌಟರು, ಕಡೆಗೆ ಅಡಾಪ್ಟರು, ಹೀಗೆ ಎರಡೆರಡು ನಿಮಿಷಗಳ ಅಂತರದಿಂದ ಹೊತ್ತಿಸಬೇಕು. ಎಷ್ಟೋ ಸಲ ಇಷ್ಟರಿಂದಲೇ ವ್ಯಾಧಿಯು ವಾಸಿಯಾಗುವುದು.

ರಿಸೀವರನ್ನೆತ್ತಿದಾಗ ಯಾವ ನಾದವೂ ಕೇಳದಿದ್ದರೆ ತಂತಿಗಳನ್ನು ನೋಡಿರಿ. ಟೆಲಿಫೋನಿನ ತಂತಿಯು ‘ಫೋನ್’ ಎಂದು ಬರೆದ ರಂಧ್ರದಲ್ಲಿಯೇ ಇರಬೇಕು. ಫೈಬರು ಬಂದಿರುವ ಅನೇಕ ಮನೆಗಳಲ್ಲಿ ಅಡಾಪ್ಟರು ಮೋಡೆಮಿನ ಒಳಗೇ ಅಡಗಿರುವುದು. ಅದನ್ನು ತೆಗೆದು ಬೇರೊಂದನ್ನಿಟ್ಟರೆ ಟೆಲಿಫೋನಿನ ಖಾತೆಯ ವಿವರಗಳೂ ಅದರೊಡನೆ ಹೋಗುವುವು. ಆಗ ಸೇವೆಯನ್ನು ಕೊಡುವವರಿಂದಲೇ ಅವುಗಳನ್ನು ಪುನಃ ತುಂಬಿಸಬೇಕು.

ತಂತಿಗಳೆಲ್ಲ ಸರಿಯಾಗಿದ್ದು ನೋಂದಣಿಯ ದೀಪವು ಹೊತ್ತದಿದ್ದರೆ, ಅಡಾಪ್ಟರಿನಲ್ಲಿ ಹಳೆಯ ರೌಟರಿನ ವಿಳಾಸವು ಸ್ಥಿರವಾಗಿ ಉಳಿದಿರಬಹುದು. ಹಳೆಯದು 192.168.0 ಎಂಬ ಸಾಲಿನದಾಗಿ, ಹೊಸದು 192.168.1 ಎಂಬ ಸಾಲಿನದಾದರೆ ಇವೆರಡಕ್ಕೂ ಮಾತುಕತೆ ನಡೆಯದು. ವಿಳಾಸವನ್ನು ತಾನಾಗಿ ಪಡೆಯುವಂತೆ ಅಡಾಪ್ಟರನ್ನು ಅಣಿಗೊಳಿಸಬೇಕು. ವೈಫೈಯಿಂದ ನಡೆಯುವ ಅಡಾಪ್ಟರಿಗೆ ಹೊಸ ಹೆಸರನ್ನೂ ಗುಪ್ತಪದವನ್ನೂ ತಿಳಿಸತಕ್ಕದ್ದು.

ಗಂಟೆ ಬಾರಿಸಿದರೂ ಒಬ್ಬರ ಮಾತು ಮಾತ್ರ ಕೇಳುವುದು ಮೂರನೆಯ ಲಕ್ಷಣ. ಕರೆಯನ್ನು ಏರ್ಪಡಿಸುವ ಸಿಪ್ ಎಂಬ ವಿಧಾನದ ಸಂದೇಶಗಳು ಒಂದು ಬಾಗಿಲಿನಿಂದಲೂ ಧ್ವನಿಯು ಬೇರೊಂದು ಬಾಗಿಲಿನಿಂದಲೂ ಸಂಚರಿಸುವುವು. ಅನೇಕ ರೌಟರುಗಳಲ್ಲಿರುವ ‘ಸಿಪ್ ಎ.ಎಲ್.ಜಿ.’ ಎಂಬ ಏರ್ಪಾಡು ನೆರವಾಗಲು ಹೋಗಿ ಸಂದೇಶದೊಳಗಿನ ವಿಳಾಸವನ್ನು ಕೆಡಿಸುವುದುಂಟು. ಅದನ್ನು ನಿಲ್ಲಿಸಿ ನೋಡಿರಿ. ಮೋಡೆಮು ಮತ್ತು ಹೊಸ ಪೆಟ್ಟಿಗೆ ಎರಡೂ ರೌಟರಿನ ಕೆಲಸವನ್ನೇ ಮಾಡುತ್ತಿದ್ದರೆ ಒಂದೇ ಮನೆಗೆ ಇಬ್ಬರು ದ್ವಾರಪಾಲಕರಾದಂತೆ. ಒಂದನ್ನು ಕೇವಲ ಸೇತುವೆಯಾಗಿ ಇರಿಸಬೇಕು. ನಾವು ಕರೆಯಬಹುದು, ನಮಗೆ ಕರೆ ಬಾರದು ಎಂಬ ಸ್ಥಿತಿಯಿದ್ದರೆ, ರೌಟರು ದಾರಿಯನ್ನು ಬೇಗನೆ ಮರೆಯುತ್ತಿರಬಹುದು; ಅಡಾಪ್ಟರು ಪದೇ ಪದೇ ನೋಂದಣಿ ಮಾಡುವಂತೆ ಅವಧಿಯನ್ನು ಕಡಿಮೆ ಮಾಡುವುದು ಹಿತಕರ.

ಆದರೆ ಸೂಜಿಯಿಂದ ಒತ್ತುವ ರೀಸೆಟ್ ಗುಂಡಿಯನ್ನು ಆತುರದಿಂದ ಮುಟ್ಟಲಾಗದು. ಖಾತೆಯ ವಿವರಗಳು ಅಳಿದುಹೋಗಬಹುದು. ಹಳೆಯ ರೌಟರನ್ನು ತೆಗೆಯುವ ಮುನ್ನವೇ ಅದರ ಏರ್ಪಾಡುಗಳನ್ನು ಕಾಗದದಲ್ಲಿ ಬರೆದಿಡುವುದು ಜಾಣತನ.

ಕಡೆಯದಾಗಿ ಒಂದು ಮಾತು. ಕರೆಂಟು ಹೋದಾಗ ಈ ಟೆಲಿಫೋನು ತಾನಾಗಿ ಉಸಿರಾಡದು. ಮೋಡೆಮು, ರೌಟರು, ಅಡಾಪ್ಟರು ಈ ಮೂರಕ್ಕೂ ಬ್ಯಾಟರಿಯ ಆಧಾರವಿರಲಿ. ಆಪತ್ತಿನ 112ನ್ನು ಕರೆಯಲು ಹಾಸಿಗೆಯ ಬಳಿ ಮೊಬೈಲೊಂದು ಇರಲಿ. ವೃದ್ಧರಿರುವ ಮನೆಯಲ್ಲಿ ಇದು ಅಲಂಕಾರವಲ್ಲ, ಅವಶ್ಯಕತೆಯೆಂದು ಗೃಹಸ್ಥರು ಮನಗಾಣಲಿ.