ಸೂರ್ಯನ ಗಡಿಯಾರ, ಚಂದ್ರನ ಗಡಿಯಾರ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯಿಂದ ಅರಬ್ಬೀ ಸಮುದ್ರವು ಪಶ್ಚಿಮಕ್ಕೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿದೆ. ಆದರೂ ಮಳೆಗಾಲದಲ್ಲಿ ಆ ಊರಿನ ಹಳ್ಳಕ್ಕೆ ಬಿಟ್ಟ ಕಾಗದದ ದೋಣಿ ಆ ಸಮುದ್ರವನ್ನು ಎಂದಿಗೂ ಮುಟ್ಟಲಾರದು. ಅಲ್ಲಿಯ ನೀರು ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಕೂಡಿ ಬಂಗಾಳ ಕೊಲ್ಲಿಗೆ ಹರಿಯುವುದು. ನೀರು ತೋರದ ಈ ದಾರಿಯನ್ನು ವ್ಯಾಪಾರವು ಕಂಡುಕೊಂಡಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. ಬೆಳೆದ ನೆಲದ ಹೆಸರು ಮರೆಯಾಗಿ, ಇಂಗ್ಲೆಂಡಿನ ಪೇಟೆಗಳಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು.

ಆ ಹಡಗುಗಳನ್ನು ನಡೆಸಿದ ಗಾಳಿ ಇಂದಿಗೂ ಬೀಸುತ್ತಿದೆ. ಅದನ್ನೇ ನಂಬಿ ಗಂಡಹೆಂಡಿರಿಬ್ಬರೇ ತಮ್ಮ ಸ್ವಂತ ನಾವೆಯಲ್ಲಿ ನಮ್ಮ ಕರಾವಳಿಗುಂಟ ವಿರಾಮವಾಗಿ ವಿಹರಿಸಬಹುದೆ?

ಇಬ್ಬರಿಂದ ಇದು ಸಾಧ್ಯವೆಂಬುದರಲ್ಲಿ ಸಂಶಯವಿಲ್ಲ. ಇಂಗ್ಲೆಂಡಿನ ಎರಿಕ್ ಮತ್ತು ಸೂಸನ್ ಹಿಸ್ಕಾಕ್ ದಂಪತಿಗಳು ಕೇವಲ 30 ಅಡಿ ಉದ್ದದ ‘ವಾಂಡರರ್ 3’ ಎಂಬ ಹಾಯಿನಾವೆಯಲ್ಲಿ 1952ರಿಂದ 1955ರವರೆಗೆ ಭೂಮಂಡಲವನ್ನೇ ಸುತ್ತಿಬಂದರು. 1959ರಲ್ಲಿ ಹೊರಟು ಮತ್ತೊಮ್ಮೆ ಸುತ್ತಿದರು. ಅಂಥ ನಾವೆಯೊಂದನ್ನು ಕಾರವಾರದಲ್ಲಿ ಇಳಿಸಿದೆವೆಂದು ಊಹಿಸೋಣ. ಅಲ್ಲಿಂದ ಮಂಗಳೂರಿಗೆ ನೇರವಾಗಿ ಸುಮಾರು 230 ಕಿಲೋಮೀಟರು, ಅಂದರೆ 124 ನಾವಿಕ ಮೈಲಿ. ಗಂಟೆಗೆ 4 ನಾವಿಕ ಮೈಲಿಯಂತೆ ಸಾಗಿದರೆ 31 ಗಂಟೆಗಳ ಪಯಣ. ಆದರೆ ವಿವೇಕಿಗಳಾದ ದಂಪತಿಗಳು ಇದಕ್ಕೆ ಹತ್ತು ದಿನಗಳನ್ನಾದರೂ ಮೀಸಲಿಡುವರು. ಏಕೆಂದರೆ ಅವರು ನಡೆಯಬೇಕಾದುದು ಕೈಗಡಿಯಾರದಂತಲ್ಲ, ಆಕಾಶದ ಎರಡು ಗಡಿಯಾರಗಳಂತೆ.

ಮೊದಲನೆಯದು ಸೂರ್ಯನದು. ಬೇಸಿಗೆಯ ಮಧ್ಯಾಹ್ನ ಕದರಮಂಡಲಗಿಯ ಹೊಲದಲ್ಲಿ ಬರಿಗಾಲಿಡಲಾಗದಷ್ಟು ಮಣ್ಣು ಕಾದಿರುವಾಗ ಕೆರೆಯ ನೀರು ತಂಪಾಗಿಯೇ ಇರುವುದು. ಒಂದೇ ಅಳತೆಯ ಎರಡು ಬೋಗುಣಿಗಳಲ್ಲಿ ಮಣ್ಣನ್ನೂ ನೀರನ್ನೂ ತುಂಬಿ ಬಿಸಿಲಿನಲ್ಲಿಟ್ಟು ಉಷ್ಣಮಾಪಕದಿಂದ ಅಳೆದು ನೋಡಿದರೆ ವಿದ್ಯಾರ್ಥಿಗಳಿಗೆ ಈ ಅಂತರ ಸ್ಪಷ್ಟವಾಗುವುದು. ಕರಾವಳಿಯಲ್ಲಿ ಇದೇ ಅಂತರ ಗಾಳಿಯನ್ನು ಹುಟ್ಟಿಸುತ್ತದೆ. ಹಗಲು ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರಿದಾಗ, ಆ ಸ್ಥಳಕ್ಕೆ ಕಡಲಿನ ತಂಪುಗಾಳಿ ನುಗ್ಗಿಬರುವುದು. ರಾತ್ರಿ ನೆಲವು ನೀರಿಗಿಂತ ಬೇಗ ಆರುವುದರಿಂದ ಗಾಳಿ ಹಿಮ್ಮುಖವಾಗಿ ನೆಲದಿಂದ ಕಡಲಿಗೆ ಮೆಲ್ಲನೆ ಬೀಸುವುದು. ಚಳಿಗಾಲದ ಶುಭ್ರ ದಿನಗಳಲ್ಲಿ ಈ ಕ್ರಮ ಸಾಮಾನ್ಯವಾಗಿ ತಪ್ಪದು. ಆದುದರಿಂದ ತೆಂಕಣಕ್ಕೆ ಹೊರಟವರು ನಸುಕಿನಲ್ಲಿಯೇ ಲಂಗರೆತ್ತಿ, ನೆಲಗಾಳಿಯನ್ನು ಎಡಮಗ್ಗುಲಿಗೆ ಪಡೆದು, ದಡದ ಸಮೀಪ ಶಾಂತವಾದ ನೀರಿನಲ್ಲಿ ಸಾಗುವರು. ಗಾಳಿ ದಿಕ್ಕು ಬದಲಿಸುವ ನಡುಹೊತ್ತಿನಲ್ಲಿ ಹಾಯಿ ಜೋತುಬೀಳುವುದು; ಅದು ಊಟದ ಸಮಯ. ಅಪರಾಹ್ನದ ಕಡಲಗಾಳಿ ಅವರನ್ನು ಮುಂದಿನ ತಂಗುದಾಣಕ್ಕೆ ಮುಟ್ಟಿಸುವುದು.

ಆದರೆ ಒಳಗೆ ಪ್ರವೇಶಿಸಲು ಎರಡನೆಯ ಗಡಿಯಾರದ ಅಪ್ಪಣೆ ಬೇಕು, ಅದು ಚಂದ್ರನದು. ತದಡಿ, ಹೊನ್ನಾವರ, ಗಂಗೊಳ್ಳಿ ಮೊದಲಾದ ತಂಗುದಾಣಗಳು ನದಿಗಳ ಅಳಿವೆಗಳಲ್ಲಿವೆ. ಅಳಿವೆಯ ಬಾಯಲ್ಲಿ ನದಿ ತಂದ ಮರಳೂ ಅಲೆ ತಳ್ಳಿದ ಮರಳೂ ದಿಬ್ಬಗಟ್ಟುತ್ತವೆ. ‘ವಾಂಡರರ್ 3’ರಂಥ ನಾವೆಗೆ ತೇಲಲು ಒಂದೂವರೆ ಮೀಟರು ನೀರು ಬೇಕು. ಇಳಿತದಲ್ಲಿ ದಿಬ್ಬದ ಮೇಲೆ ಒಂದೇ ಮೀಟರು ನೀರಿದ್ದರೆ ಅದು ನೆಲ ಕಚ್ಚುವುದು. ಅಷ್ಟೇ ಅಲ್ಲ, ಇಳಿತದಲ್ಲಿ ನದಿಯ ನೀರು ರಭಸದಿಂದ ಹೊರನುಗ್ಗುವಾಗ, ಎದುರಿನಿಂದ ಬರುವ ಅಲೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ಸಣ್ಣ ನಾವೆಯನ್ನು ಮಗುಚಲು ಅಂಥ ಒಂದೇ ಅಲೆ ಸಾಕು. ಭರತ ಪೂರ್ಣವಾಗುವ ಹೊತ್ತೇ ಒಳಸೇರಲು ಸುರಕ್ಷಿತ.

ತೊಡಕು ಇಲ್ಲಿಯೇ ಇದೆ. ಕಡಲಗಾಳಿ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವುದು. ಭರತವಾದರೋ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುವುದು. ಇಂದು ಸಂಜೆ ನಾಲ್ಕಕ್ಕೆ ಭರತವಿದ್ದರೆ, ವಾರದ ಬಳಿಕ ಅದೇ ಹೊತ್ತಿಗೆ ಇಳಿತ. ಎರಡು ಗಡಿಯಾರಗಳೂ ಹೊಂದಿದ ದಿನ ನಾವೆ ಹಗುರವಾಗಿ ಒಳಸೇರುವುದು. ಹೊಂದದ ದಿನ ಹೊರಗೆ ಲಂಗರು ಹಾಕಿ ಕಾಯಬೇಕು, ಇಲ್ಲವೆ ಆ ದಿನ ಹೊರಡಲೇಬಾರದು.

ಈ ಎರಡರ ಮೇಲೆ ಋತುವಿನ ಒಡೆತನವಿದೆ. ಮುಂಗಾರಿನ ಕಡಲು ಸಣ್ಣ ನಾವೆಗಳಿಗೆ ಸಲ್ಲದು. ಅದಕ್ಕೂ ಮುನ್ನ ಮೇ ತಿಂಗಳಲ್ಲಿಯೇ ಚಂಡಮಾರುತ ಏಳಬಹುದು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ನಮ್ಮ ತೀರದ ಸಮೀಪ ಸಾಗಿದಾಗ ಯಂತ್ರಬಲವುಳ್ಳ ಟಗ್ ಹಡಗೊಂದು ಮೂಲ್ಕಿಯ ಬಳಿ ಬಂಡೆಗಳಲ್ಲಿ ಸಿಲುಕಿತು. ಅದರಲ್ಲಿದ್ದ 9 ಮಂದಿಯನ್ನು ಕರಾವಳಿ ರಕ್ಷಣಾ ಪಡೆಯ ದೋಣಿಯೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಉಳಿಸಬೇಕಾಯಿತು.

ಇಂದು ಕೃತಕ ಉಪಗ್ರಹಗಳು ನಾವಿಕನಿಗೆ ತಾನಿರುವ ಸ್ಥಳವನ್ನು ತಿಳಿಸುತ್ತವೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ಅಲೆಗಳ ಮುನ್ಸೂಚನೆಯನ್ನು ನೀಡುತ್ತದೆ. ಇವು ಕಾಯಬೇಕಾದುದೆಷ್ಟು ಎಂಬುದನ್ನು ತಿಳಿಸಬಲ್ಲವೇ ಹೊರತು ಕಾಯುವ ಸಹನೆಯನ್ನು ಕೊಡಲಾರವು. ನೆಲದ ಮೇಲೆ ವಿರಾಮವು ಸುಖದ ಮಾತಾಗಿರಬಹುದು. ಕಡಲಿನಲ್ಲಿ ಅದು ಜೀವರಕ್ಷೆಯ ಉಪಾಯ. ಇಬ್ಬರೇ ಇರುವ ನಾವೆಯಲ್ಲಿ “ಇಂದು ಬೇಡ, ನಾಳೆ ಹೋಗೋಣ” ಎಂದು ಒಬ್ಬರು ಹೇಳಿದಾಗ ಮತ್ತೊಬ್ಬರು ಒಪ್ಪುವಂತಿದ್ದರೆ, ಆ ನಾವೆ ಮಂಗಳೂರನ್ನು ಮುಟ್ಟುವುದು.