ಇಕ್ಕಟ್ಟು, ಕಟ್ಟು, ಬಿಡು: ರಾಯಚೂರು ಸೀಮೆಯ ಕನ್ನಡದಲ್ಲಿ ತಡೆಯ ಪದಗಳು ಮತ್ತು ಕರ್ತೃಪದದ ಪ್ರಶ್ನೆ

ಸಾರಾಂಶ: ಇಕ್ಕಟ್ಟಾದ ಜಾಗವನ್ನು ಹೇಳುವ ಪದವೇ ಕಷ್ಟವನ್ನೂ ಹೇಳುವುದು ಹಲವು ಭಾಷೆಗಳಲ್ಲಿ ಕಂಡುಬರುವ ಅರ್ಥವಿಸ್ತರಣೆ. ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪರಿಸರದ ಕನ್ನಡವನ್ನು ಮುಂದಿಟ್ಟುಕೊಂಡು, ಇಂಥ ಪದಗಳ ವ್ಯುತ್ಪತ್ತಿಯಷ್ಟೇ ಅವು ಸೇರುವ ವಾಕ್ಯರಚನೆಯೂ ಮುಖ್ಯವೆಂದು ಈ ಲೇಖನ ವಾದಿಸುತ್ತದೆ. ‘ಸಿಲುಕು’ ಮತ್ತು ಅಕರ್ಮಕ ‘ಕಟ್ಟು’ ರಚನೆಗಳಲ್ಲಿ ತಡೆದವರು ಕಾಣುವುದಿಲ್ಲ. ‘ಬಿಡು’ ಧಾತುವಿನ ನಿಷೇಧ ರಚನೆಯಲ್ಲಿ ಅವರೇ ಕರ್ತೃ. ಜೀತಕ್ಕೆ ಸಂಬಂಧಿಸಿದ ಹೇಳಿಕೆಗಳನ್ನು ಬರೆದುಕೊಳ್ಳುವಾಗ ಈ ವ್ಯತ್ಯಾಸಕ್ಕೆ ಕಾನೂನಿನ ತೂಕ ಬರುತ್ತದೆ.

ಕೀಲಿಪದಗಳು: ಅರ್ಥವಿಸ್ತರಣೆ, ಕರ್ತೃಪದ, ನಿಷೇಧ ರಚನೆ, ಭಾಷಾಸಂಪರ್ಕ, ಜೀತ

1. ಪ್ರವೇಶ

ಋಗ್ವೇದದ ‘ಅಂಹಸ್’ ಎಂಬ ಪದಕ್ಕೆ ಇಕ್ಕಟ್ಟು, ಸಂಕಟ ಎಂಬ ಎರಡೂ ಅರ್ಥಗಳಿವೆ. ಲ್ಯಾಟಿನ್ನಿನ ‘ಅಂಗುಸ್ತುಸ್’ (ಕಿರಿದಾದ), ಜರ್ಮನ್ನಿನ ‘ಎಂಗೆ’ (ಕಿರಿದು) ಮತ್ತು ‘ಆಂಗ್ಸ್ಟ್’ (ಭಯ) ಇದೇ ಮೂಲಕ್ಕೆ ಸೇರಿದವು. ಕನ್ನಡ ಎರವಲು ಪಡೆದ ‘ಸಂಕಟ’ಕ್ಕೂ ಸಂಸ್ಕೃತದಲ್ಲಿ ಕಿರಿದಾದ ದಾರಿ ಎಂಬ ಅರ್ಥವಿತ್ತು, ಕನ್ನಡದಲ್ಲಿ ದಾರಿ ಅಳಿದು ನೋವು ಉಳಿದಿದೆ. ‘ಸಂಕೋಚ’ದಲ್ಲಿಯೂ ಹೀಗೆಯೇ ಆಗಿದೆ. ಮುದುಡುವಿಕೆಯನ್ನು ಹೇಳುತ್ತಿದ್ದ ಪದ ಈಗ ಮಾತಾಡಲು ಹಿಂಜರಿಯುವ ಮನಃಸ್ಥಿತಿಯನ್ನು ಹೇಳುತ್ತದೆ. ಲೇಕಾಫ್ ಮತ್ತು ಜಾನ್ಸನ್ 1980ರಲ್ಲಿ ಮಂಡಿಸಿದ ಪರಿಕಲ್ಪನಾತ್ಮಕ ರೂಪಕದ ಸಿದ್ಧಾಂತ, ದೇಹದ ಅನುಭವವು ಅಮೂರ್ತ ಅನುಭವಕ್ಕೆ ಮಾತು ಒದಗಿಸುವ ಈ ಬಗೆಯನ್ನು ವಿವರಿಸುತ್ತದೆ. ಆದರೆ ತಡೆಯಲ್ಪಟ್ಟವರ ಅನುಭವ ಎಷ್ಟು ಮುಖ್ಯವೋ, ತಡೆದವರು ಯಾರು ಎಂಬುದೂ ಅಷ್ಟೇ ಮುಖ್ಯ. ರೂಪಕದ ವಿಶ್ಲೇಷಣೆ ಈ ಎರಡನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಎತ್ತುವುದಿಲ್ಲ.

ಈ ಪ್ರಶ್ನೆಗೆ ರಾಯಚೂರು ಸೀಮೆ ತಕ್ಕ ನೆಲ. ಕೃಷ್ಣಾ, ತುಂಗಭದ್ರಾ ನದಿಗಳ ನಡುವಣ ಈ ಪ್ರದೇಶಕ್ಕೆ ಶಾಸನಗಳಲ್ಲಿ ‘ಎಡೆದೊರೆ’ ಎಂಬ ಹೆಸರಿದೆ. ಇದು 1948ರವರೆಗೆ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತದ ಉರ್ದು, ನಗರದ ದಖನಿ, ನೆರೆಯ ತೆಲುಗು ಇವುಗಳ ಜೊತೆ ಇಲ್ಲಿನ ಕನ್ನಡ ದೀರ್ಘಕಾಲ ಬಾಳಿದೆ.

2. ಆವರಣದ ಪದಗಳು: ಒಳಗಿನಿಂದ, ಹೊರಗಿನಿಂದ

‘ಇಕ್ಕಟ್ಟು’ ಕನ್ನಡದಲ್ಲಿ ಜಾಗಕ್ಕೂ ಪರಿಸ್ಥಿತಿಗೂ ಸಲ್ಲುತ್ತದೆ: ‘ಇಕ್ಕಟ್ಟಾದ ಓಣಿ’, ‘ಇಕ್ಕಟ್ಟಿನ ಪರಿಸ್ಥಿತಿ’. ಇಂದಿನ ತೆಲುಗು ಈ ಕೆಲಸವನ್ನು ಎರಡು ಪದಗಳಿಗೆ ಹಂಚಿದೆ. ಅಲ್ಲಿ ಕಿರಿದಾದ ಕೋಣೆಗೆ ಬಳಸುವ ಪದ ‘ಇರುಕು’. ‘ಇಕ್ಕಟ್ಲು’ ಎಂದರೆ ಮುಖ್ಯವಾಗಿ ಕಷ್ಟಗಳು. ಒತ್ತಿ ಸೇರಿಸು ಎಂಬರ್ಥದ ‘ಇರುಕು’ ಕ್ರಿಯಾಪದ ಕನ್ನಡಕ್ಕೂ ಪರಿಚಿತವೇ. ಒಂದೇ ಬಳಗದ ಎರಡು ಭಾಷೆಗಳಲ್ಲಿ ಅರ್ಥಪಲ್ಲಟ ಒಂದೇ ಹಂತಕ್ಕೆ ಬಂದು ನಿಂತಿಲ್ಲ ಎಂಬುದಕ್ಕೆ ಇದು ನಿದರ್ಶನ.

‘ಓಣಿ’ಯ ಚಲನೆ ಇದಕ್ಕೆ ವಿರುದ್ಧ ದಿಕ್ಕಿನದು. ಮೂಲತಃ ಕಿರುದಾರಿಯಾದ ಅದು ಉತ್ತರ ಕರ್ನಾಟಕದಲ್ಲಿ ಬೀದಿಗೂ ವಸತಿಭಾಗಕ್ಕೂ ಹೆಸರಾಗಿ, ಕಿರಿದು ಎಂಬ ಗುಣವನ್ನು ಬಿಟ್ಟುಕೊಟ್ಟಿದೆ. ಅದಕ್ಕಾಗಿಯೇ ‘ಇಕ್ಕಟ್ಟಾದ ಓಣಿ’ ಎಂಬ ಪ್ರಯೋಗದಲ್ಲಿ ಪುನರುಕ್ತಿಯಿಲ್ಲ. ಇನ್ನೂ ಕಿರಿದಾದುದಕ್ಕೆ ‘ಸಂದಿ’, ‘ಗಲ್ಲಿ’ ಪದಗಳು ಒದಗುತ್ತವೆ.

ಆವರಣವನ್ನು ಎಲ್ಲಿ ನಿಂತು ನೋಡಲಾಗಿದೆ ಎಂಬುದನ್ನೂ ಪದಗಳು ಹೇಳುತ್ತವೆ. ದೇವದುರ್ಗದ ಹೆಸರಿನಲ್ಲಿರುವ ‘ದುರ್ಗ’ಕ್ಕೆ ಹೋಗಲು ಕಠಿಣವಾದುದು ಎಂದು ವ್ಯುತ್ಪತ್ತಿ, ಅದು ಹೊರಗೆ ನಿಂತವನ ದೃಷ್ಟಿ. ‘ದೊಡ್ಡಿ’ ಎಂಬುದು ದನಕುರಿಗಳು ಹೊರಬಾರದಂತೆ ಕೂಡಿಹಾಕುವ ಆವರಣ. ಅಲ್ಲಿ ಪ್ರಸ್ತುತವಾಗುವುದು ಒಳಗಿರುವ ಜೀವದ ಸ್ಥಿತಿ. ದೇವದುರ್ಗ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಹಲವು ಸಣ್ಣ ಜನವಸತಿಗಳ ಹೆಸರು ‘ದೊಡ್ಡಿ’ ಎಂದೇ ಮುಗಿಯುತ್ತದೆ. ಕೂಡಿಹಾಕುವ ಜಾಗ ಅಲ್ಲಿ ವಾಸದ ಜಾಗವಾಗಿದೆ. ರಾಯಚೂರು ಕೋಟೆಯ ಹೊರಸುತ್ತಿನ ಬಾಗಿಲುಗಳಲ್ಲಿ ‘ದೊಡ್ಡಿ ದರ್ವಾಜಾ’, ‘ಖಂದಕ್ ದರ್ವಾಜಾ’ ಎಂಬ ಹೆಸರುಗಳಿವೆ. ದ್ರಾವಿಡ, ಅರಬ್ಬಿ ಮೂಲದ ಆವರಣಪದಗಳೆರಡೂ ಪಾರಸಿಯ ‘ದರ್ವಾಜಾ’ದೊಡನೆ ಸಮಾಸಗೊಂಡಿವೆ. ಅರಬ್ಬಿಯ ‘ಖಂದಕ್’ ಕನ್ನಡದಲ್ಲಿ ‘ಕಂದಕ’ವಾಗಿ, ಈಗ ಬಡವ ಬಲ್ಲಿದರ ನಡುವಣ ಅಂತರಕ್ಕೂ ಸಲ್ಲುತ್ತದೆ.

3. ಬಂಧ, ಬಂದ್, ಬಂದೋಬಸ್ತು

ಸಂಸ್ಕೃತದ ‘ಬಂಧ್’ ಮತ್ತು ಪಾರಸಿಯ ‘ಬಂದ್’ ಸಜಾತಿ ಪದಗಳು. ಎರಡೂ ಬೇರೆ ಬೇರೆ ದಾರಿಯಲ್ಲಿ ಕನ್ನಡಕ್ಕೆ ಬಂದು ಬೇರೆ ಬೇರೆ ಕ್ಷೇತ್ರಗಳನ್ನು ಹಿಡಿದಿವೆ. ‘ಬಂಧನ’ ಕಾನೂನಿನ ಪದ; ಜೊತೆಗೆ ‘ಭವಬಂಧನ’ದ ಮೂಲಕ ಅಧ್ಯಾತ್ಮದ ಪದ. ಜಗನ್ನಾಥದಾಸರಿದ್ದ ಮಾನ್ವಿ ದಾಸಪರಂಪರೆಯ ಮುಖ್ಯ ನೆಲೆಯಾದ್ದರಿಂದ ಈ ಎರಡನೆಯ ಅರ್ಥ ಇಲ್ಲಿನ ಭಜನೆಯ ಭಾಷೆಗೂ ಹೊಸದಲ್ಲ. ‘ಬಂದ್’ ಅಂಗಡಿಗೆ, ರಸ್ತೆಗೆ, ಮುಷ್ಕರಕ್ಕೆ ಸೇರಿದೆ. ‘ಬಂದೋಬಸ್ತು’ ಅಕ್ಷರಶಃ ಕಟ್ಟುಪಾಡೇ ಆದರೂ ಏರ್ಪಾಟು, ರಕ್ಷಣೆ ಎಂಬ ಅರ್ಥವನ್ನು ಪಡೆದಿದೆ. ಕಟ್ಟುವವರ ಕಣ್ಣಿನಿಂದ ನೋಡಿದಾಗ ಕಟ್ಟು ಸುವ್ಯವಸ್ಥೆಯಾಗುತ್ತದೆ. ಕಟ್ಟಿಸಿಕೊಂಡವರ ಕಣ್ಣಿಗೆ ಅದು ಸೆರೆ. ದೇಸಿ ಪದವಾದ ‘ಸೆರೆ’ಗೆ ತಮಿಳಿನ ‘ಚಿಱೈ’, ತೆಲುಗಿನ ‘ಚೆಱ’ ಜ್ಞಾತಿಗಳು. ಮೂರೂ ಭಾಷೆಗಳಲ್ಲಿ ಅರ್ಥ ಬಹುಪಾಲು ಸ್ಥಿರವಾಗಿದೆ.

4. ರಚನೆ ಮತ್ತು ಕರ್ತೃ

ತಡೆಯನ್ನು ಹೇಳುವ ಮೂರು ರಚನೆಗಳನ್ನು ಇಲ್ಲಿ ಹೋಲಿಸಬಹುದು.

(1) ಅವನು ಇಕ್ಕಟ್ಟಿಗೆ ಸಿಲುಕಿದ.
(2) ಉಸಿರು ಕಟ್ಟಿದಂಗ ಆಗ್ಯಾದ.
(3) ಸಾವುಕಾರ ಊರಿಗಿ ಹೋಗಾಕ ಬಿಡವಲ್ಲ.

(1)ರಲ್ಲಿ ತಡೆಯಲ್ಪಟ್ಟವನೇ ಕರ್ತೃ. ‘ಸಿಲುಕು’ ಅಕರ್ಮಕ ಧಾತು. ಸಿಲುಕಿಸಿದವರನ್ನು ಹೇಳಲು ‘-ಇಸು’ ಪ್ರತ್ಯಯ ಬೇಕು. ಆ ಪ್ರತ್ಯಯವಿಲ್ಲದ ಮೂಲರೂಪ ಸಿಲುಕುವಿಕೆಯನ್ನು ಆಕಸ್ಮಿಕವೆಂಬಂತೆ, ಕೆಲವೊಮ್ಮೆ ಸಿಲುಕಿದವನ ತಪ್ಪೆಂಬಂತೆ ಕಾಣಿಸುತ್ತದೆ.

(2)ರ ‘ಕಟ್ಟು’ ಉಭಯಪದಿ. ‘ಹಗ್ಗ ಕಟ್ಟಿದ’ ಎಂಬಲ್ಲಿ ಸಕರ್ಮಕ. ‘ಮೂಗು ಕಟ್ಟಿದೆ’, ‘ಗಂಟಲು ಕಟ್ಟಿತು’, ‘ಮೋಡ ಕಟ್ಟಿತು’ ಎಂಬಲ್ಲಿ ಅಕರ್ಮಕ. ಧಾತುವಿನ ರೂಪ ಬದಲಾಗದೆಯೇ ಕರ್ತೃ ಮರೆಯಾಗುತ್ತಾನೆ. ಇಂಥ ವಾಕ್ಯ ದೇಹದ ಅನುಭವವನ್ನು ತೀವ್ರವಾಗಿ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ.

(3) ಭಿನ್ನವಾದುದು. ‘ಬಿಡು’ ಎಂಬುದಕ್ಕೆ ಬಿಡುಗಡೆ ಮತ್ತು ಅನುಮತಿ ಎರಡೂ ಅರ್ಥಗಳಿದ್ದು, ಬಿಡಬಲ್ಲ ಒಬ್ಬ ಕರ್ತೃವನ್ನು ಅದು ಬೇಡುತ್ತದೆ. ಆ ಕರ್ತೃಪದ ಲೋಪವಾಗಿ ಬರಿಯ ‘ಬಿಡವಲ್ಲ’ ಎಂದಿದ್ದರೂ, ಕ್ರಿಯಾಪದದ ಲಿಂಗವಚನಗಳು ಅದರ ಇರವನ್ನು ತೋರುತ್ತವೆ. ‘ಬಿಡವಲ್ಲ’ ಏಕವಚನ, ‘ಬಿಡವಲ್ಲರು’ ಬಹುವಚನ ಅಥವಾ ಗೌರವಸೂಚಕ.

ಇಲ್ಲಿ ಒಂದು ಎಚ್ಚರ ಅಗತ್ಯ. ‘-ವಲ್ಲ’ ರೂಪ ಸಮ್ಮತಿಸು ಎಂಬರ್ಥದ ‘ಒಲ್’ ಧಾತುವಿನ ನಿಷೇಧದಿಂದ ಬಂದಿದೆ. ಉತ್ತರ ಕರ್ನಾಟಕದ ಮಾತಿನಲ್ಲಿ ಅದು ವ್ಯಾಕರಣೀಕರಣಗೊಂಡು, ‘ಮಳಿ ಬರವಲ್ದು’, ‘ಬಾಗಿಲ ತೆಗಿಯವಲ್ದು’ ಎಂದು ಅಚೇತನಗಳಿಗೂ ಸಲ್ಲುತ್ತದೆ. ಮಳೆಗೆ ಇಚ್ಛೆಯಿಲ್ಲವಾದ್ದರಿಂದ ಅಲ್ಲಿ ನಿರಾಕರಣೆಯ ಅರ್ಥ ಸವೆದಿದೆ. ಹೀಗಾಗಿ (3)ರಲ್ಲಿ ತಡೆಯ ಉದ್ದೇಶವನ್ನು ‘-ವಲ್ಲ’ ಒಂದರಿಂದಲೇ ಸಾಧಿಸಲಾಗದು. ಅದನ್ನು ಹೊರುವುದು ಮಾನವ ಕರ್ತೃವಿನೊಡನೆ ಕೂಡಿದ ‘ಬಿಡು’. ‘ಅವ ಬರವಲ್ಲ’ ಎಂಬ ವಾಕ್ಯ ಬರಲು ಒಪ್ಪುತ್ತಿಲ್ಲ, ಇನ್ನೂ ಬರುತ್ತಿಲ್ಲ ಎಂಬ ಎರಡೂ ಅರ್ಥಗಳಿಗೆ ತೆರೆದಿದೆ. ‘ಬಿಡವಲ್ಲ’ ಯಾವ ಅರ್ಥದಲ್ಲಿಯೂ ತಡೆಯುವವನನ್ನು ಕಳೆದುಕೊಳ್ಳುವುದಿಲ್ಲ.

5. ಜೀತ: ಪದವೊಂದರ ಎರಡು ಊರು

ಈ ವಿಶ್ಲೇಷಣೆ ಅತ್ಯಂತ ಪ್ರಸ್ತುತವಾಗುವುದು ಜೀತದ ಸಂದರ್ಭದಲ್ಲಿ. 1976ರ ಜೀತಪದ್ಧತಿ ರದ್ದತಿ ಅಧಿನಿಯಮದ 2(ಜಿ) ಪ್ರಕರಣ ಸರಪಳಿಯನ್ನಾಗಲಿ ಬೀಗವನ್ನಾಗಲಿ ಕೇಳುವುದಿಲ್ಲ. ಮುಂಗಡ ಸಾಲ ಮೊದಲಾದ ಕಾರಣಗಳಿಂದ ಬೇರೆ ಉದ್ಯೋಗ ಹಿಡಿಯುವ ಸ್ವಾತಂತ್ರ್ಯವನ್ನೋ ದೇಶದಲ್ಲಿ ಮುಕ್ತವಾಗಿ ಸಂಚರಿಸುವ ಹಕ್ಕನ್ನೋ ಕಳೆದುಕೊಳ್ಳುವುದೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಅಂದರೆ ಕಾನೂನು ಗುರುತಿಸುವುದು ಗೋಡೆಯನ್ನಲ್ಲ, ತಡೆಯನ್ನು. ಅದೇ ಅಧಿನಿಯಮದ 2(ಬಿ) ಪ್ರಕರಣದ ವಿವರಣೆ ದೇಶದ ನಾನಾ ಭಾಗಗಳ ಪದ್ಧತಿಗಳನ್ನು ಹೆಸರಿಸುತ್ತದೆ. ‘ಜೀತ’, ‘ವೆಟ್ಟಿ’ ಮತ್ತು ಹೈದರಾಬಾದ್ ಸಂಸ್ಥಾನದಲ್ಲಿ ಬಳಕೆಯಲ್ಲಿದ್ದ ‘ಭಾಗೇಲಾ’ ಆ ಪಟ್ಟಿಯಲ್ಲಿವೆ.

‘ಜೀತ’ ಸಂಸ್ಕೃತದ ‘ಜೀವಿತ’ದ ತದ್ಭವ, ಹಳಗನ್ನಡದಲ್ಲಿ ವೇತನ, ಜೀವನೋಪಾಯ ಎಂದು ಅದರ ಅರ್ಥ. ತೆಲುಗಿನಲ್ಲಿ ‘ಜೀತಂ’ ಇಂದಿಗೂ ಸಂಬಳವೇ. ಅಧಿಕಾರಿಗೂ ಶಿಕ್ಷಕರಿಗೂ ಬರುವುದು ಜೀತಂ. ಕನ್ನಡದಲ್ಲಿ ಪ್ರತಿಫಲದ ಅರ್ಥ ಹಿಂದೆ ಸರಿದು, ಸಾಲಕ್ಕೆ ಕಟ್ಟುಬಿದ್ದ ದುಡಿಮೆಯ ಅರ್ಥ ಮುಂದೆ ಬಂದಿದೆ. ಈ ಎರಡು ಭಾಷೆಗಳೂ ಬಳಕೆಯಲ್ಲಿರುವ ರಾಯಚೂರಿನಂಥ ಸೀಮೆಯಲ್ಲಿ ‘ನೀವು ಜೀತಕ್ಕೆ ಇದ್ದೀರಾ?’ ಎಂಬ ಪ್ರಶ್ನೆಯೇ ಸಂದಿಗ್ಧ. ಸಂಬಳವೆಂಬ ಅರ್ಥದಲ್ಲಿ ‘ಹೌದು’ ಎಂದವರು ಲೆಕ್ಕಕ್ಕೆ ಸೇರಬಹುದು. ಅವಮಾನದ ಅರ್ಥಕ್ಕೆ ಅಂಜಿ ‘ಇಲ್ಲ’ ಎಂದವರು ಲೆಕ್ಕದಿಂದ ಹೊರಗುಳಿಯಬಹುದು.

ಹೆಸರಿಗಿಂತ ರಚನೆ ಇಲ್ಲಿ ಹೆಚ್ಚು ನಂಬಲರ್ಹ ಸಾಕ್ಷ್ಯ. ಪ್ರಮಾಣಭಾಷೆಗೆ ತರುವಾಗ (3)ನ್ನು ‘ಊರಿಗೆ ಹೋಗಲು ಸಾಧ್ಯವಾಗುತ್ತಿಲ್ಲ’ ಎಂದು ಬರೆದರೆ ವಾಕ್ಯ ಸುಂದರವಾಗಬಹುದು, ಸಾವುಕಾರ ಮಾತ್ರ ಕಾಣೆಯಾಗುತ್ತಾನೆ. ಸಂಚಾರದ ಹಕ್ಕನ್ನು ಯಾರು ತಡೆದರು ಎಂಬ ಪ್ರಶ್ನೆಗೆ ಮೂಲವಾಕ್ಯದಲ್ಲಿದ್ದ ಉತ್ತರ ದಾಖಲೆಯಲ್ಲಿ ಉಳಿಯುವುದಿಲ್ಲ. ‘ಕಷ್ಟದಲ್ಲಿ ಸಿಲುಕಿದ್ದಾನೆ’ ಎಂಬ ಸಂಕ್ಷೇಪವೂ ಇದೇ ಕೆಲಸ ಮಾಡುತ್ತದೆ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು ಸೈದ್ಧಾಂತಿಕ: ಇಕ್ಕಟ್ಟಿನಿಂದ ಕಷ್ಟಕ್ಕೆ ಸಾಗುವ ಅರ್ಥಪಲ್ಲಟವನ್ನು ನಾಮಪದಗಳಲ್ಲಿ ಮಾತ್ರ ಹುಡುಕಿದರೆ ತಡೆಯ ಅನುಭವ ಸಿಗುತ್ತದೆ, ತಡೆಯ ಸಂಬಂಧ ಸಿಗುವುದಿಲ್ಲ. ಆ ಸಂಬಂಧ ಇರುವುದು ಕ್ರಿಯಾಪದದ ಕಾರಕ ವಿನ್ಯಾಸದಲ್ಲಿ. ಎರಡನೆಯದು ಅನ್ವಯಿಕ: ಕ್ಷೇತ್ರಕಾರ್ಯದ ಪ್ರಶ್ನಾವಳಿಗಳು ‘ಜೀತ’ವೆಂಬ ಪದದಿಂದ ಆರಂಭವಾಗದೆ, ‘ಬೇರೆ ಕಡೆ ಕೆಲಸಕ್ಕೆ ಹೋಗಬೇಕಂದ್ರ ಬಿಡ್ತಾರೇನು?’ ಎಂಬಂಥ ‘ಬಿಡು’ ರಚನೆಯ ಪ್ರಶ್ನೆಗಳಿಂದ ಆರಂಭವಾಗುವುದು ಉಚಿತ. ಉತ್ತರದಲ್ಲಿನ ‘ಬಿಡವಲ್ಲ’, ‘ಬಿಡವಲ್ಲರು’ ರೂಪಗಳನ್ನು ಲಿಂಗವಚನ ಸಹಿತ ಮೂಲದಲ್ಲಿದ್ದಂತೆಯೇ ಬರೆದುಕೊಂಡು, ಪ್ರಮಾಣಕನ್ನಡದ ಅನುವಾದವನ್ನು ಅದರ ಪಕ್ಕದಲ್ಲಿ ಪ್ರತ್ಯೇಕವಾಗಿ ಕೊಡಬೇಕು.